ಗಾಳಿಗೆ ಎದೆಯೊಡ್ಡಿದ ಎಂಜಿನ್

ಮಳೆ ಹಿಂದೆ ಸರಿಯುತ್ತಿದ್ದಂತೆ ವಯನಾಡಿನ ಕಾಫಿ ತೋಟಗಳಲ್ಲಿ ಕಳೆ ಹೊಡೆಯುವ ಯಂತ್ರಗಳ ಸದ್ದು ಏಳುತ್ತದೆ. ಮಾನಂದವಾಡಿ, ಪುಲ್ಪಳ್ಳಿ, ಬತ್ತೇರಿ, ಎಲ್ಲಿ ಹೋದರೂ ಅದೇ ಸದ್ದು. ಹೆಗಲಿಗೆ ನೇತುಹಾಕಿಕೊಳ್ಳುವ ಆ ಯಂತ್ರದ ಪುಟ್ಟ ಎಂಜಿನಿನ ಮುಚ್ಚಳ ಬಿಚ್ಚಿದರೆ ಸಿಲಿಂಡರಿನ ಸುತ್ತ ತೆಳ್ಳನೆಯ ಲೋಹದ ಪಟ್ಟಿಗಳು ಒತ್ತೊತ್ತಾಗಿ ನಿಂತಿರುವುದು ಕಾಣುತ್ತದೆ. ಅವುಗಳ ಸಂದಿಗೆ ಒಣಹುಲ್ಲು, ಮಣ್ಣು, ಎಣ್ಣೆಜಿಡ್ಡು ಸೇರಿ ಮೆತ್ತಿಕೊಂಡರೆ ಗಾಳಿ ಆಡುವುದಿಲ್ಲ. ಎಂಜಿನ್ ಕಾಯುತ್ತದೆ. ಕಾದ ಪಿಸ್ಟನ್ ಹಿಗ್ಗಿ ಸಿಲಿಂಡರಿನ ಗೋಡೆಯನ್ನು ಕಚ್ಚಿಕೊಳ್ಳುತ್ತದೆ. ಸೀಜ್ ಆಗಿದೆ ಎಂದು ಮೆಕ್ಯಾನಿಕ್ ಹೇಳುವ ಹೊತ್ತಿಗೆ ಎಂಜಿನ್ ಕೈಬಿಟ್ಟಿರುತ್ತದೆ.

ನೀರಿನ ಹಂಗಿಲ್ಲದೆ ಬರೀ ಗಾಳಿಯಿಂದ ತಣ್ಣಗಾಗಬೇಕಾದ ಎಂಜಿನಿನ ಕಷ್ಟವೆಲ್ಲ ಆ ಸಂದಿನಲ್ಲಿದೆ. ಮನುಷ್ಯನನ್ನು ಆಕಾಶಕ್ಕೆ ಎತ್ತಲು ಹೊರಟವರನ್ನು ಕಾಲು ಶತಮಾನ ಕಾಡಿದ್ದೂ ಇದೇ ಕಷ್ಟ. ಅವರು ಅದನ್ನು ಗೆದ್ದ ಬಗೆಯೇ ರೇಡಿಯಲ್ ಎಂಜಿನಿನ ಕತೆ. ಬಂಡಿಯ ಗಾಲಿಯ ಅರಗಳಂತೆ ನಡುವಿನ ಗುಂಬದಿಂದ ಸುತ್ತಲೂ ಚಾಚಿಕೊಂಡ ಸಿಲಿಂಡರುಗಳು, ನಡುಮಧ್ಯೆ ಪ್ರೊಪೆಲ್ಲರ್: ಹಳೆಯ ವಿಮಾನಗಳ ಚಿತ್ರದಲ್ಲಿ ಈ ಮೂತಿಯನ್ನು ನೋಡದವರಿಲ್ಲ. ಆದರೆ ಇದನ್ನು ಕಂಡುಹಿಡಿದವರು ಯಾರು ಎಂದು ಕೇಳಿದರೆ ಒಂದು ಹೆಸರು ಹೇಳಲು ಬರುವುದಿಲ್ಲ. ಆಕಾರ ಸಿಕ್ಕಿದ್ದು ಬೇಗ; ಆ ಆಕಾರ ಬಿಸಿಯಲ್ಲಿ ಬೆಂದುಹೋಗದಂತೆ ಮಾಡಿದ್ದು ನಿಧಾನವಾಗಿ, ಹಲವರ ಕೈಯಿಂದ. ನನ್ನ ದೃಷ್ಟಿಯಲ್ಲಿ ನಿಜವಾದ ಆವಿಷ್ಕಾರ ಆ ಎರಡನೆಯದು.

1898ರಲ್ಲಿ ಅಮೆರಿಕದ ಯುದ್ಧ ಇಲಾಖೆ ಸ್ಯಾಮ್ಯುಯೆಲ್ ಲ್ಯಾಂಗ್ಲಿ ಎಂಬ ಖಗೋಳಜ್ಞನಿಗೆ 50,000 ಡಾಲರ್ ಕೊಟ್ಟಿತು. ಸ್ಮಿತ್‌ಸೋನಿಯನ್ ಸಂಸ್ಥೆಯ ಮುಖ್ಯಸ್ಥನಾಗಿದ್ದ ಆತ ಎರಡು ವರ್ಷ ಮೊದಲು, 1896ರಲ್ಲಿ, ಉಗಿಯಿಂದ ನಡೆಯುವ ಆಳಿಲ್ಲದ ಮಾದರಿ ವಿಮಾನವನ್ನು ಪೊಟೊಮ್ಯಾಕ್ ನದಿಯ ಮೇಲೆ ಹಾರಿಸಿ ತೋರಿಸಿದ್ದ. ಈಗ ಮನುಷ್ಯನನ್ನು ಹೊರುವ ವಿಮಾನ ಬೇಕಾಗಿತ್ತು. ಅದಕ್ಕೆ ಹಗುರವಾದ ಪೆಟ್ರೋಲ್ ಎಂಜಿನ್ ಬೇಕು. ನ್ಯೂಯಾರ್ಕಿನ ಸ್ಟೀಫನ್ ಬಾಲ್ಜರ್ 12 ಅಶ್ವಶಕ್ತಿಯ ಎಂಜಿನ್ ಮಾಡಿಕೊಡುತ್ತೇನೆಂದು ಒಪ್ಪಿಕೊಂಡ. ಅವನ ವಿನ್ಯಾಸದಲ್ಲಿ ಕ್ರ್ಯಾಂಕ್‌ಶಾಫ್ಟ್ ಅಲುಗಾಡದೆ ನಿಂತಿದ್ದು, ಐದು ಸಿಲಿಂಡರುಗಳೇ ಅದರ ಸುತ್ತ ಗಿರಗಿರನೆ ತಿರುಗುತ್ತಿದ್ದವು. ತಿರುಗಿದರೆ ಗಾಳಿ ಬೀಸಿದಂತಾಗಿ ತಾವೇ ತಣ್ಣಗಾಗುತ್ತವೆ ಎಂಬ ಲೆಕ್ಕ. ಆದರೆ ಹೇಳಿದ ಶಕ್ತಿ ಅದರಿಂದ ಹೊರಡಲೇ ಇಲ್ಲ.

ಲ್ಯಾಂಗ್ಲಿಯ ಸಹಾಯಕ ಚಾರ್ಲ್ಸ್ ಮ್ಯಾನ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಿಂದ ಆಗಷ್ಟೇ ಹೊರಬಂದಿದ್ದ ಎಂಜಿನಿಯರ್. ಕೈಕೊಟ್ಟ ಎಂಜಿನನ್ನು ಅವನು ವಾಷಿಂಗ್ಟನ್ನಿಗೆ ತಂದು ತಲೆಕೆಳಗು ಮಾಡಿದ. ಸಿಲಿಂಡರುಗಳನ್ನು ಕದಲದಂತೆ ನಿಲ್ಲಿಸಿದ, ಕ್ರ್ಯಾಂಕ್‌ಶಾಫ್ಟನ್ನು ತಿರುಗಿಸಿದ, ಪ್ರತಿ ಸಿಲಿಂಡರಿಗೂ ತೆಳು ಉಕ್ಕಿನ ಕವಚ ತೊಡಿಸಿ ಒಳಗೆ ನೀರು ಹರಿಸಿದ. ಕೊನೆಗೆ ಸಿದ್ಧವಾದ ಎಂಜಿನ್ ನಿಮಿಷಕ್ಕೆ 950 ಸುತ್ತಿನಲ್ಲಿ 52 ಅಶ್ವಶಕ್ತಿ ಕೊಟ್ಟಿತು. ನೀರು, ರೇಡಿಯೇಟರ್ ಬಿಟ್ಟು ಅದರ ತೂಕ 57 ಕಿಲೋದ ಆಸುಪಾಸು. ಅದೇ ಕಾಲದಲ್ಲಿ ರೈಟ್ ಸಹೋದರರ ಎಂಜಿನ್ 80 ಕಿಲೋ ತೂಗುತ್ತಿತ್ತು, ಕೊಡುತ್ತಿದ್ದುದು ಬರೀ 12 ಅಶ್ವಶಕ್ತಿ. ಆ ಹೊತ್ತಿಗೆ ಇಂಥ ಎಂಜಿನ್ ಜಗತ್ತಿನಲ್ಲಿ ಇನ್ನೊಂದಿರಲಿಲ್ಲ.

1903ರ ಅಕ್ಟೋಬರ್ 7ರಂದು, ಮತ್ತೆ ಡಿಸೆಂಬರ್ 8ರಂದು, ಮ್ಯಾನ್ಲಿ ತಾನೇ ವಿಮಾನವೇರಿ ದೋಣಿಮನೆಯ ಮಾಡಿನಿಂದ ಚಿಮ್ಮಿದ. ಎರಡೂ ಸಲ ವಿಮಾನ ನೇರ ನೀರಿಗೆ ಬಿತ್ತು. ಎರಡನೆಯ ಸಲವಂತೂ ಮಂಜುಗಟ್ಟುವ ನೀರಿನಡಿ ಅವಶೇಷಕ್ಕೆ ಸಿಕ್ಕಿಕೊಂಡು ಜೀವ ಉಳಿದದ್ದೇ ಹೆಚ್ಚು. ಒಂಬತ್ತು ದಿನದ ಮೇಲೆ ರೈಟ್ ಸಹೋದರರು ಹಾರಿದರು. ಲ್ಯಾಂಗ್ಲಿಯ ರೆಕ್ಕೆ ಸೋತದ್ದಕ್ಕೆ ಮ್ಯಾನ್ಲಿಯ ಎಂಜಿನ್ ಕೂಡ ಮರೆವಿಗೆ ಸಂದಿತು. ಎಂಜಿನ್ ಮಾಡಿದವನಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿಲ್ಲವೆಂದು ನನಗನ್ನಿಸುತ್ತದೆ.

ಈ ಆಕಾರದಲ್ಲಿ ಏನಿದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಸಿಲಿಂಡರುಗಳನ್ನು ಸಾಲಾಗಿ ನಿಲ್ಲಿಸಿದರೆ ಎಂಜಿನ್ ಉದ್ದವಾಗುತ್ತದೆ. ಅಷ್ಟುದ್ದದ ಕ್ರ್ಯಾಂಕ್‌ಶಾಫ್ಟ್ ಬೇಕು, ಅದನ್ನು ಹೊರಲು ಅಷ್ಟುದ್ದದ ಪೆಟ್ಟಿಗೆ ಬೇಕು. ತೂಕ ಏರುತ್ತದೆ. ಮುಂದಿನ ಸಿಲಿಂಡರ್ ಗಾಳಿ ಕುಡಿದರೆ ಹಿಂದಿನದಕ್ಕೆ ಬಿಸಿಗಾಳಿಯೇ ಗತಿ. ಸುತ್ತಲೂ ಜೋಡಿಸಿದರೆ ಗೇಣುದ್ದದ ಕ್ರ್ಯಾಂಕ್‌ಶಾಫ್ಟ್ ಸಾಕು, ಅದರಲ್ಲಿ ಒಂದೇ ಒಂದು ಬಾಗು. ಎಲ್ಲ ಸಿಲಿಂಡರಿಗೂ ಎದುರುಗಾಳಿ ಸಮನಾಗಿ ಬಡಿಯುತ್ತದೆ.

ಆದರೆ ಒಂದೇ ಬಾಗಿಗೆ ಏಳು ಪಿಸ್ಟನ್ನುಗಳನ್ನು ಕಟ್ಟುವುದು ಹೇಗೆ? ಒಂದು ಪಿಸ್ಟನ್ನಿನ ರಾಡು ಮಾತ್ರ ಕ್ರ್ಯಾಂಕಿನ ಮೇಲೆ ನೇರವಾಗಿ ಕೂರುತ್ತದೆ. ಅದಕ್ಕೆ ಮಾಸ್ಟರ್ ರಾಡ್ ಎನ್ನುತ್ತಾರೆ. ಅದರ ಬುಡದಲ್ಲಿ ದಪ್ಪನೆಯ ಉಂಗುರವಿದ್ದು, ಉಳಿದ ಆರು ರಾಡುಗಳು ಆ ಉಂಗುರದ ಅಂಚಿಗೆ ಪಿನ್ನುಗಳಿಂದ ತಗುಲಿಕೊಂಡಿರುತ್ತವೆ. ಏಳು ಸಿಲಿಂಡರಿನ ಹೊಡೆತವೂ ಕೊನೆಗೆ ಬೀಳುವುದು ಈ ಒಂದು ರಾಡಿನ ಬೇರಿಂಗಿನ ಮೇಲೆ. ಅದು ಸೋತರೆ ಎಂಜಿನ್ನೇ ಸೋತಂತೆ.

ಇನ್ನೊಂದು ಸೊಗಸು ಲೆಕ್ಕದ್ದು. ಒಂದು ಸಾಲಿನ ರೇಡಿಯಲ್ ಎಂಜಿನಿನಲ್ಲಿ ಸಿಲಿಂಡರುಗಳು ಮೂರು, ಐದು, ಏಳು, ಒಂಬತ್ತು, ಹೀಗೆ ಬೆಸಸಂಖ್ಯೆಯಲ್ಲೇ ಇರುತ್ತವೆ. ನಾಲ್ಕು ಹೊಡೆತದ ಎಂಜಿನಿನಲ್ಲಿ ಕ್ರ್ಯಾಂಕ್ ಎರಡು ಸುತ್ತು ಬರುವಷ್ಟರಲ್ಲಿ ಪ್ರತಿ ಸಿಲಿಂಡರ್ ಒಮ್ಮೆ ಉರಿಯಬೇಕು. ಏಳು ಸಿಲಿಂಡರಿದ್ದರೆ ಒಂದನ್ನು ಬಿಟ್ಟು ಒಂದನ್ನು ಉರಿಸಿಕೊಂಡು ಹೋಗಿ: 1, 3, 5, 7, ಎರಡನೆಯ ಸುತ್ತಿನಲ್ಲಿ 2, 4, 6, ಮತ್ತೆ 1. ಎಲ್ಲೂ ಲಯ ತಪ್ಪುವುದಿಲ್ಲ, ಹೊಡೆತಗಳ ನಡುವಿನ ಅಂತರ ಎಲ್ಲ ಕಡೆಯೂ ಒಂದೇ. ಆರು ಸಿಲಿಂಡರಿಟ್ಟು ಇದನ್ನೇ ಮಾಡಹೋದರೆ 1, 3, 5 ಆದಮೇಲೆ ಮತ್ತೆ 1ಕ್ಕೇ ಬಂದು ನಿಲ್ಲುತ್ತೀರಿ. 2, 4, 6ಕ್ಕೆ ಹೋಗಲು ಎಲ್ಲೋ ಒಂದು ಕಡೆ ಎಡವಲೇಬೇಕು. ಕಾಗದದ ಮೇಲೆ ಏಳು ಚುಕ್ಕೆ ಇಟ್ಟು ಮಕ್ಕಳೂ ಇದನ್ನು ಮಾಡಿ ನೋಡಬಹುದು.

ಮ್ಯಾನ್ಲಿ ನೀರಿನಿಂದ ತಣಿಸಿದ್ದ. ನೀರು ಎಂದರೆ ರೇಡಿಯೇಟರ್, ಕೊಳವೆ, ಸೋರಿಕೆ, ತೂಕ. ಡೆನ್ಮಾರ್ಕಿನ ಯಾಕೋಬ್ ಎಲೆಹ್ಯಾಮರ್ ಮೂರು ಸಿಲಿಂಡರಿನ ಎಂಜಿನನ್ನು ಗಾಳಿಯಿಂದಲೇ ತಣಿಸಿ 1906ರಲ್ಲಿ ಪುಟ್ಟ ದ್ವೀಪವೊಂದರಲ್ಲಿ ನೆಲ ಬಿಟ್ಟು ಎದ್ದ. ಪ್ಯಾರಿಸ್ಸಿನಲ್ಲಿ ನೆಲೆಸಿದ್ದ ಇಟಲಿಯ ಅಲೆಸ್ಸಾಂಡ್ರೊ ಅಂಝಾನಿಯ ಮೂರು ಸಿಲಿಂಡರಿನ, 25 ಅಶ್ವಶಕ್ತಿಯ ಎಂಜಿನ್ 1909ರ ಜುಲೈ 25ರಂದು ಲೂಯಿ ಬ್ಲೇರಿಯೋನನ್ನು ಇಂಗ್ಲಿಷ್ ಕಡಲ್ಗಾಲುವೆ ದಾಟಿಸಿತು. ಅದು ಕಾದು ನಿಲ್ಲುವ ಹೊತ್ತಿಗೆ ಸರಿಯಾಗಿ ಒಂದು ಮಳೆ ಬಿದ್ದು ತಣಿಸಿತೆಂಬ ಮಾತು ಅಂದಿನಿಂದ ಇಂದಿನವರೆಗೂ ಬಾಯಿಂದ ಬಾಯಿಗೆ ಬಂದಿದೆ. ಮಳೆಯ ಮಾತು ಹೇಗಾದರೂ ಇರಲಿ, ಆಗಿನ ಗಾಳಿ ಎಂಜಿನುಗಳು ಅರ್ಧ ಗಂಟೆ ಬಿಡದೆ ಓಡಿದರೆ ಅದೇ ದೊಡ್ಡದಾಗಿತ್ತು.

ಫ್ರಾನ್ಸಿನ ಸೆಗ್ವಾಂ ಸಹೋದರರು ಬಾಲ್ಜರನ ಹಾದಿಗೇ ಮರಳಿದರು. ಅವರ ನೋಮ್ ಎಂಜಿನಿನಲ್ಲಿ ಏಳು ಸಿಲಿಂಡರುಗಳೂ ಪ್ರೊಪೆಲ್ಲರಿನ ಜೊತೆಗೇ ಸುತ್ತುತ್ತಿದ್ದವು. ಈ ಸಲ ಅದು ಫಲಿಸಿತು. ಮೊದಲ ಮಹಾಯುದ್ಧದ ಎಷ್ಟೋ ವಿಮಾನಗಳು ಹಾರಿದ್ದು ಇಂಥ ಸುತ್ತುವ ಎಂಜಿನುಗಳಿಂದ. ಇವಕ್ಕೆ ಹಾಕುತ್ತಿದ್ದುದು ನಮ್ಮ ಹರಳೆಣ್ಣೆ. ಕ್ರ್ಯಾಂಕ್ ಪೆಟ್ಟಿಗೆಯೊಳಗಿಂದಲೇ ಪೆಟ್ರೋಲ್ ಹಾದುಹೋಗುವುದರಿಂದ ಖನಿಜ ತೈಲ ಅದರಲ್ಲಿ ಕರಗಿ ತೆಳ್ಳಗಾಗುತ್ತಿತ್ತು, ಹರಳೆಣ್ಣೆ ಸುಲಭಕ್ಕೆ ಕರಗುವುದಿಲ್ಲ. ಒಮ್ಮೆ ಒಳಗೆ ಹೋದ ಎಣ್ಣೆ ಹೊಗೆಯ ಜೊತೆ ಹೊರಗೆ ಚಿಮ್ಮಿ ಪೈಲಟ್ಟಿನ ಮುಖ, ಕನ್ನಡಕ, ಬಟ್ಟೆಗೆಲ್ಲ ಅಂಟುತ್ತಿತ್ತು. ಇಡೀ ಎಂಜಿನ್ ಬುಗುರಿಯಂತೆ ಗಿರಕಿ ಹೊಡೆಯುವುದರಿಂದ ವಿಮಾನ ಒಂದು ಕಡೆಗೆ ಸುಲಭವಾಗಿ ಹೊರಳಿ ಇನ್ನೊಂದು ಕಡೆಗೆ ಮೊಂಡು ಹಿಡಿಯುತ್ತಿತ್ತು. ಶಕ್ತಿ ಹೆಚ್ಚಿಸಹೋದಂತೆ ಸಿಲಿಂಡರುಗಳು ಗಾಳಿಯನ್ನು ಕಡೆಯುವುದಕ್ಕೇ ಬಹುಪಾಲು ವ್ಯಯವಾಗುತ್ತಿತ್ತು. ಯುದ್ಧ ಮುಗಿಯುವಷ್ಟರಲ್ಲಿ ಆ ದಾರಿ ಮುಗಿದಿತ್ತು.

ಹಾಗಾದರೆ ಸಿಲಿಂಡರನ್ನು ನಿಲ್ಲಿಸಿ, ನೀರೂ ಇಲ್ಲದೆ, ಗಾಳಿಯೊಂದರಿಂದಲೇ ತಣಿಸಲು ಸಾಧ್ಯವೇ? ಈ ಪ್ರಶ್ನೆಯನ್ನು ಊಹೆಗೆ ಬಿಡದೆ ಅಳೆದು ನೋಡಿದವರು ಇಂಗ್ಲೆಂಡಿನ ಫಾರ್ನ್‌ಬರೋದ ಇಬ್ಬರು: ಪ್ರೊಫೆಸರ್ ಎ. ಎಚ್. ಗಿಬ್ಸನ್ ಮತ್ತು ಸ್ಯಾಮ್ ಹೆರಾನ್. ಯುದ್ಧದ ನಡುವೆ, ರಾಯಲ್ ಏರ್‌ಕ್ರಾಫ್ಟ್ ಫ್ಯಾಕ್ಟರಿಯಲ್ಲಿ, ಅವರು ಇಡೀ ಎಂಜಿನಿಗೆ ಕೈಹಾಕಲಿಲ್ಲ. ಒಂದೇ ಸಿಲಿಂಡರ್ ತೆಗೆದುಕೊಂಡರು. ಗಾಳಿ ಬೀಸಿ ಎಲ್ಲೆಲ್ಲಿ ಎಷ್ಟು ಬಿಸಿಯಿದೆ ಎಂದು ಅಳೆದರು. ಪಟ್ಟಿ ಎಷ್ಟು ತೆಳ್ಳಗಿರಬೇಕು, ಎಷ್ಟು ದೂರ ಚಾಚಿರಬೇಕು, ಎರಡರ ನಡುವೆ ಎಷ್ಟು ಸಂದು ಬೇಕು ಎಂದು ಒಂದೊಂದಾಗಿ ಮಾಡಿ ನೋಡಿದರು. ಅವರು ಕಂಡುಕೊಂಡದ್ದು ಇಷ್ಟು: ಸಿಲಿಂಡರಿನ ತಲೆಗೆ ಎರಕದ ಕಬ್ಬಿಣ ಬೇಡ, ಅಲ್ಯೂಮಿನಿಯಂ ಬೇಕು, ಏಕೆಂದರೆ ಅದು ಶಾಖವನ್ನು ಕಬ್ಬಿಣಕ್ಕಿಂತ ಸುಮಾರು ಮೂರು ಪಟ್ಟು ಚುರುಕಾಗಿ ಸಾಗಿಸುತ್ತದೆ, ಪಿಸ್ಟನ್ ಉಜ್ಜುವ ಕೊಳವೆ ಮಾತ್ರ ಉಕ್ಕಿನದಿರಲಿ, ತಲೆಯನ್ನು ಅದಕ್ಕೆ ತಿರುಪಿನಿಂದ ಬಿಗಿಯಾಗಿ ಕೂರಿಸಿ, ಉರಿಯುವ ಜಾಗ ಅರ್ಧಗೋಳದಂತಿರಲಿ, ಎರಡು ವಾಲ್ವುಗಳನ್ನು ಇಬ್ಬದಿಗೆ ಓರೆಯಾಗಿ ಇಟ್ಟರೆ ನಡುವೆ ಗಾಳಿ ಹಾಯಲು ದಾರಿಯಾಗುತ್ತದೆ. ಇಂದಿಗೂ ಗಾಳಿಯಿಂದ ತಣಿಯುವ ವಿಮಾನ ಎಂಜಿನುಗಳ ಸಿಲಿಂಡರ್ ಮೂಲತಃ ಇದೇ.

ಅಳತೆಯ ಬೆಲೆ ಏನೆಂಬುದು ಅದೇ ದೇಶದಲ್ಲಿ, ಅದೇ ಹೊತ್ತಿನಲ್ಲಿ, ಇನ್ನೊಂದು ಕಡೆ ಗೊತ್ತಾಯಿತು. ಗ್ರ್ಯಾನ್‌ವಿಲ್ ಬ್ರ್ಯಾಡ್‌ಶಾ ಎಂಬ ವಿನ್ಯಾಸಕಾರ ಡ್ರ್ಯಾಗನ್‌ಫ್ಲೈ ಎಂಬ ಒಂಬತ್ತು ಸಿಲಿಂಡರಿನ ಎಂಜಿನ್ ತೋರಿಸಿ 320 ಅಶ್ವಶಕ್ತಿ ಕೊಡುತ್ತದೆ ಎಂದ. ಪೂರ್ತಿ ಪರೀಕ್ಷೆಯಾಗುವ ಮೊದಲೇ ಬ್ರಿಟಿಷ್ ಸರ್ಕಾರ ಸಾವಿರಾರು ಎಂಜಿನುಗಳಿಗೆ ಬೇಡಿಕೆ ಕೊಟ್ಟಿತು. ಓಡಿಸಿದಾಗ ಶಕ್ತಿ ಕಡಿಮೆ, ತೂಕ ಹೆಚ್ಚು. ಬಿಸಿ ಎಷ್ಟೆಂದರೆ ಮರದ ಪ್ರೊಪೆಲ್ಲರಿನ ನಡುಭಾಗ ಕರಕಲಾಗುತ್ತಿತ್ತು. ಓಡುವ ವೇಗಕ್ಕೆ ಸರಿಯಾಗಿ ಕ್ರ್ಯಾಂಕ್‌ಶಾಫ್ಟ್ ಅದುರಿ ಕೆಲವೇ ಗಂಟೆಗಳಲ್ಲಿ ಮುರಿಯುತ್ತಿತ್ತು. 1918ರಲ್ಲಿ ಯುದ್ಧ ನಿಂತದ್ದರಿಂದ ಬ್ರಿಟನ್ ಬಚಾವಾಯಿತು.

ಗಾಳಿ ಎಂಜಿನಿಗೆ ಉಳಿದಿದ್ದ ದೊಡ್ಡ ಶತ್ರು ಎಕ್ಸಾಸ್ಟ್ ವಾಲ್ವ್. ಉರಿದ ಹೊಗೆ ಹೊರಹೋಗುವ ಬಾಗಿಲು ಅದು. ಪ್ರತಿ ಸಲ ತೆರೆದಾಗಲೂ ಬೆಂಕಿ ಅದರ ತಲೆಯ ಸುತ್ತ ನೆಕ್ಕಿಕೊಂಡು ಹೋಗುತ್ತದೆ. ತಲೆ ಕೆಂಪಗೆ ಕಾಯುತ್ತದೆ, ಅಂಚು ಸುಟ್ಟುಹೋಗುತ್ತದೆ, ಕೆಲವೊಮ್ಮೆ ಕಾದ ವಾಲ್ವೇ ಕಿಡಿಯಂತೆ ವರ್ತಿಸಿ ಹೊತ್ತಿಗೆ ಮುಂಚೆ ಇಂಧನವನ್ನು ಉರಿಸಿಬಿಡುತ್ತದೆ. ಹೆರಾನ್ 1921ರಲ್ಲಿ ಅಮೆರಿಕಕ್ಕೆ ಹೋಗಿ ಡೇಟನ್ ಬಳಿಯ ಮೆಕುಕ್ ಫೀಲ್ಡಿನಲ್ಲಿ ಸೇನೆಯ ಎಂಜಿನ್ ಪ್ರಯೋಗಶಾಲೆ ಸೇರಿದ್ದ. ವಾಲ್ವಿನ ಕಾಂಡವನ್ನು ಟೊಳ್ಳು ಮಾಡಿ ಒಳಗೆ ದ್ರವ ತುಂಬಿದರೆ ಅದು ಕುಲುಕಾಡುತ್ತ ತಲೆಯ ಬಿಸಿಯನ್ನು ಕಾಂಡಕ್ಕೆ ಇಳಿಸೀತು ಎಂಬುದು ಅವನ ಯೋಚನೆ. ಪಾದರಸ ಪ್ರಯೋಗವಾಗಿತ್ತು, ಸರಿಬರಲಿಲ್ಲ. ಕರಗಿದ ಲವಣಗಳು ಒಂದಿಷ್ಟು ಕೆಲಸ ಮಾಡಿದವು. ಕೊನೆಗೆ ಸೋಡಿಯಂ ಲೋಹ. ಅದು ಸುಮಾರು 98 ಡಿಗ್ರಿಗೇ ಕರಗುತ್ತದೆ. ಅರ್ಧದಷ್ಟು ಮಾತ್ರ ತುಂಬಿಟ್ಟರೆ, ವಾಲ್ವ್ ನಿಮಿಷಕ್ಕೆ ಸಾವಿರ ಸಲ ಮೇಲೆ ಕೆಳಗೆ ಹಾರುವಾಗ ಕರಗಿದ ಸೋಡಿಯಂ ಒಳಗೇ ತಲೆಗೂ ಬುಡಕ್ಕೂ ಬಡಿದು, ತಲೆಯ ಶಾಖವನ್ನು ಕಾಂಡಕ್ಕೂ ಅಲ್ಲಿಂದ ಸಿಲಿಂಡರಿನ ಪಟ್ಟಿಗಳಿಗೂ ದಾಟಿಸುತ್ತದೆ. ಕೈಬೆರಳಿನಷ್ಟು ದಪ್ಪದ ಒಂದು ಉಕ್ಕಿನ ತುಂಡಿನೊಳಗೆ ಯಾರಿಗೂ ಕಾಣದಂತೆ ನಡೆಯುವ ಈ ಕೆಲಸವೇ ಮುಂದಿನ ಮೂವತ್ತು ವರ್ಷಗಳ ವಿಮಾನಯಾನವನ್ನು ಹೊತ್ತಿತು. ರೇಡಿಯಲ್ ಎಂಜಿನನ್ನು ಕಂಡುಹಿಡಿದವರೆಂದು ಒಬ್ಬರ ಹೆಸರು ಹೇಳಲೇಬೇಕೆಂದರೆ ನಾನು ಹೆರಾನನ ಹೆಸರು ಹೇಳುತ್ತೇನೆ.

ಅದೇ ಹೊತ್ತಿಗೆ ನ್ಯೂಯಾರ್ಕಿನ ಚಿಕ್ಕ ಕಂಪನಿಯೊಂದರಲ್ಲಿ ಚಾರ್ಲ್ಸ್ ಲಾರೆನ್ಸ್ ಒಂಬತ್ತು ಸಿಲಿಂಡರಿನ, 200 ಅಶ್ವಶಕ್ತಿಯ ಎಂಜಿನ್ ಮಾಡಿದ್ದ. ಹಡಗಿನ ಮೇಲಿಂದ ಹಾರುವ ವಿಮಾನಗಳಿಗೆ ರೇಡಿಯೇಟರಿನ ಕಾಟ ಬೇಡವೆಂದಿದ್ದ ಅಮೆರಿಕದ ನೌಕಾಪಡೆ ಅದನ್ನು ಮೆಚ್ಚಿತು. ಅದರ ಒತ್ತಾಯಕ್ಕೆ ರೈಟ್ ಏರೋನಾಟಿಕಲ್ ಕಂಪನಿ 1923ರಲ್ಲಿ ಲಾರೆನ್ಸನ ಕಂಪನಿಯನ್ನೇ ಕೊಂಡಿತು. ಆ ಎಂಜಿನ್ ಹಂತಹಂತವಾಗಿ ಬೆಳೆದು, ಹೆರಾನನ ಸಿಲಿಂಡರ್ ತಲೆಯನ್ನು ಪಡೆದು ವರ್ಲ್‌ವಿಂಡ್ ಜೆ-5 ಆಯಿತು. 1927ರ ಮೇ 20ರ ಬೆಳಿಗ್ಗೆ ಚಾರ್ಲ್ಸ್ ಲಿಂಡ್‌ಬರ್ಗ್ ನ್ಯೂಯಾರ್ಕಿನಿಂದ ಒಬ್ಬನೇ ಹೊರಟಾಗ ಅವನ ಮುಂದಿದ್ದುದು ಈ ಎಂಜಿನ್. ಮೂವತ್ಮೂರೂವರೆ ಗಂಟೆ, 5,800 ಕಿಲೋಮೀಟರ್, ಅಟ್ಲಾಂಟಿಕ್ ಸಾಗರದ ಆಚೆ ಪ್ಯಾರಿಸ್. ಎಂಜಿನ್ ಎಲ್ಲೂ ನಿಲ್ಲಲಿಲ್ಲ. ಬ್ಲೇರಿಯೋನ ಅರ್ಧ ಗಂಟೆಯಿಂದ ಇಲ್ಲಿಗೆ ಹದಿನೆಂಟು ವರ್ಷ.

ಮರುವರ್ಷ ಇನ್ನೊಂದು ಕೊರತೆಯೂ ನೀಗಿತು. ಗಾಳಿಗೆ ಬರಿಮೈ ಒಡ್ಡಿದ ಸಿಲಿಂಡರುಗಳು ವಿಮಾನವನ್ನು ಹಿಂದಕ್ಕೆ ಜಗ್ಗುತ್ತಿದ್ದವು. ವರ್ಜೀನಿಯಾದ ಪ್ರಯೋಗಾಲಯದಲ್ಲಿ ಫ್ರೆಡ್ ವೀಕ್ ಮತ್ತು ಸಂಗಡಿಗರು ಇಡೀ ಎಂಜಿನಿಗೆ ಲೋಹದ ಕವಚ ತೊಡಿಸಿ, ಬೇಕಾದಷ್ಟೇ ಗಾಳಿ ಸಿಲಿಂಡರುಗಳ ಸಂದಿನಿಂದ ಹಾಯುವಂತೆ ರೂಪಿಸಿದರು. ಗಂಟೆಗೆ 190 ಕಿಲೋಮೀಟರ್ ಹೋಗುತ್ತಿದ್ದ ವಿಮಾನ ಅದೇ ಎಂಜಿನಿನಲ್ಲಿ 220 ಹೋಯಿತು.

ದೊಡ್ಡ ಎಂಜಿನುಗಳಲ್ಲಿ ಕಲಿತದ್ದು ಸಣ್ಣ ವಿಮಾನಗಳಿಗೂ ಇಳಿಯಿತು. ಇಂಗ್ಲೆಂಡಿನ ಡಗ್ಲಸ್ ಪಾಬ್‌ಜಾಯ್ ಏಳು ಸಿಲಿಂಡರಿನ, 75 ಅಶ್ವಶಕ್ತಿಯ ಪುಟ್ಟ ಎಂಜಿನ್ ಮಾಡಿದ. ಒಬ್ಬನೇ ಕೂರುವ ಕಾಂಪರ್ ಸ್ವಿಫ್ಟ್ ವಿಮಾನಕ್ಕೆ ಅದು ಹೇಳಿಮಾಡಿಸಿದಂತಿತ್ತು. ಆ ವಿಮಾನಗಳಲ್ಲೊಂದನ್ನು ಭಾರತದಲ್ಲಿದ್ದ ಆಲ್ಬನ್ ಅಲಿ ಎಂಬ ಟೀ ತೋಟಗಾರ ತರಿಸಿಕೊಂಡು, 1933ರಲ್ಲಿ ಇಲ್ಲಿಂದ ಇಂಗ್ಲೆಂಡಿಗೆ ಹಾರಿಸಿಕೊಂಡು ಹೋದ. ‘ಸ್ಕಾರ್ಲೆಟ್ ಏಂಜೆಲ್’ ಎಂದು ಹೆಸರಿಟ್ಟಿದ್ದ ಆ ಕೆಂಪು ವಿಮಾನ ಇಂಗ್ಲೆಂಡಿನ ಶಟಲ್‌ವರ್ತ್ ಸಂಗ್ರಹದಲ್ಲಿದೆ. ಅಮೆರಿಕದ ಡೆಟ್ರಾಯ್ಟಿನಲ್ಲಿ ವಾರ್ನರ್ ಕಂಪನಿ ಸ್ಕ್ಯಾರಬ್ ಎಂಬ ಏಳು ಸಿಲಿಂಡರಿನ ಎಂಜಿನ್ ಮಾಡತೊಡಗಿತು. ಕತೆ ನಮ್ಮ ಅಂಗಳಕ್ಕೆ ಬರುವುದು ಈ ಸ್ಕ್ಯಾರಬ್ ದಾರಿಯಲ್ಲಿ.

ಕ್ಯಾಲಿಫೋರ್ನಿಯಾದ ಪ್ಯಾಸಡೀನಾ ಜೂನಿಯರ್ ಕಾಲೇಜಿನಲ್ಲಿ ಮ್ಯಾಕ್ಸ್ ಹಾರ್ಲೋ ಎಂಬ ಮೇಷ್ಟ್ರಿದ್ದರು. ವಿಮಾನ ಎಂಜಿನಿಯರಿಂಗ್ ಕಲಿಸುತ್ತಿದ್ದ ಅವರು ತರಗತಿಯ ಕೆಲಸವಾಗಿ ವಿದ್ಯಾರ್ಥಿಗಳ ಕೈಯಲ್ಲೇ ಪೂರ್ತಿ ಲೋಹದ ವಿಮಾನವೊಂದನ್ನು ಕಟ್ಟಿಸಿದರು. 1937ರಲ್ಲಿ ಅದು ಹಾರಿತು. ಅದರಿಂದ ಬೆಳೆದ ತರಬೇತಿ ವಿಮಾನ ಪಿಸಿ-5, ಮೂತಿಯಲ್ಲಿ ವಾರ್ನರ್ ಸೂಪರ್ ಸ್ಕ್ಯಾರಬ್. 1939ರಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ವಿಮಾನ ಪ್ರಯಾಣವೊಂದರಲ್ಲಿ ವಿಲಿಯಂ ಪಾಲಿ ಎಂಬ ಅಮೆರಿಕನ್ ವಿಮಾನ ವ್ಯಾಪಾರಿಯನ್ನು ಸಂಧಿಸಿದರು. ಭಾರತದಲ್ಲೊಂದು ವಿಮಾನ ಕಾರ್ಖಾನೆ ಎಂಬ ಮಾತು ಅಲ್ಲಿ ಹುಟ್ಟಿತು. ಮೈಸೂರು ಸಂಸ್ಥಾನದ ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಬೆಂಗಳೂರಿನಲ್ಲಿ ಜಾಗ ಕೊಟ್ಟರು, ಸಂಸ್ಥಾನವೇ ಪಾಲುದಾರನಾಯಿತು. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ನೋಂದಣಿಯಾಯಿತು. 1941ರಲ್ಲಿ ಅಲ್ಲಿಂದ ಮೇಲೆದ್ದ ಮೊದಲ ವಿಮಾನ ಹಾರ್ಲೋ. ಕಾಲೇಜು ಹುಡುಗರ ತರಗತಿಯಲ್ಲಿ ಮೊಳೆತ ವಿನ್ಯಾಸ, ಏಳು ಸಿಲಿಂಡರಿನ ರೇಡಿಯಲ್ ಎಂಜಿನ್: ನಮ್ಮ ವಿಮಾನ ಕಾರ್ಖಾನೆ ಶುರುವಾದದ್ದು ಹೀಗೆ. ಈ ಸಂಗತಿ ನಮ್ಮ ಪಠ್ಯಪುಸ್ತಕಗಳಲ್ಲಿ ಇರಬೇಕಿತ್ತು.

1942ರಲ್ಲಿ ಕರ್ಟಿಸ್ ಹಾಕ್ ಕಾಳಗದ ವಿಮಾನ ಬಂತು, ಅದಕ್ಕೆ ಒಂಬತ್ತು ಸಿಲಿಂಡರಿನ ರೈಟ್ ಸೈಕ್ಲೋನ್. ಎರಡನೆಯ ಮಹಾಯುದ್ಧ ಬರ್ಮಾ ಗಡಿಗೆ ಬಂದಾಗ ಹೊಸ ವಿಮಾನ ಕಟ್ಟುವುದಕ್ಕಿಂತ ಇದ್ದುದನ್ನು ರಿಪೇರಿ ಮಾಡುವುದು ಮುಖ್ಯವಾಯಿತು. 1943ರಲ್ಲಿ ಅಮೆರಿಕದ ಸೇನೆ ಕಾರ್ಖಾನೆಯನ್ನು ವಹಿಸಿಕೊಂಡು 84ನೇ ಏರ್ ಡಿಪೋ ಎಂದು ನಡೆಸಿತು. ಕ್ಯಾಟಲೀನಾ ಎಂಬ ನೀರಿನ ಮೇಲಿಳಿಯುವ ವಿಮಾನಗಳು ರಿಪೇರಿಗೆಂದು ಬೆಳ್ಳಂದೂರು ಕೆರೆಗೆ ಬಂದಿಳಿಯುತ್ತಿದ್ದವು. ಕ್ಯಾಟಲೀನಾ, ಡಕೋಟಾ, ಲಿಬರೇಟರ್, ಈ ಮೂರಕ್ಕೂ ಒಂದೇ ಕುಲದ ಎಂಜಿನ್: ಪ್ರ್ಯಾಟ್ ಅಂಡ್ ವಿಟ್ನಿ ಕಂಪನಿಯ ಟ್ವಿನ್ ವಾಸ್ಪ್, ಏಳೇಳು ಸಿಲಿಂಡರಿನ ಎರಡು ಸಾಲು, 1,200 ಅಶ್ವಶಕ್ತಿ. ಬೆಂಗಳೂರಿನ ಕೆಲಸಗಾರರ ಕೈ ಈ ಎಂಜಿನಿನ ಮೇಲೆ ಪಳಗಿತು.

ಆ ಪಳಗಿದ ಕೈಯ ಬೆಲೆ ಸ್ವಾತಂತ್ರ್ಯ ಬಂದಮೇಲೆ ತಿಳಿಯಿತು. ಯುದ್ಧ ಮುಗಿಸಿ ಹೋದವರು ಕಾನ್ಪುರದಲ್ಲಿ ಬಿಟ್ಟುಹೋದ ಲಿಬರೇಟರ್ ಬಾಂಬರುಗಳು ಮತ್ತೆ ಹಾರಬಾರದೆಂದು ಹಾಳುಗೆಡವಿ ಗುಜರಿಯಂತೆ ಬಿದ್ದಿದ್ದವು. ಅವುಗಳನ್ನು ಅಲ್ಲೇ ಒಂದು ಸಲ ಹಾರುವಷ್ಟು ಸರಿಮಾಡಿ, ಪರೀಕ್ಷಾ ಪೈಲಟ್ ಜಿಮ್ಮಿ ಮುನ್ಷಿ 42 ವಿಮಾನಗಳನ್ನು ಬೆಂಗಳೂರಿಗೆ ಹಾರಿಸಿ ತಂದರು. ಇಲ್ಲಿ ಅವಕ್ಕೆ ಮರುಜೀವ ಬಂತು. ಭಾರತೀಯ ವಾಯುಪಡೆಯಲ್ಲಿ ಲಿಬರೇಟರುಗಳು 1968ರ ಕೊನೆಯವರೆಗೂ ಹಾರಿದವು. ಇಂದು ಅಮೆರಿಕ, ಇಂಗ್ಲೆಂಡುಗಳ ವಸ್ತುಸಂಗ್ರಹಾಲಯಗಳಲ್ಲಿ ಕಾಣುವ ಲಿಬರೇಟರುಗಳಲ್ಲಿ ಕೆಲವು ಹೀಗೆ ಬೆಂಗಳೂರಿನಲ್ಲಿ ಉಳಿದವು.

ಇಂಥ ಎಂಜಿನನ್ನು ಚಾಲೂ ಮಾಡುವುದೇ ಒಂದು ಶಿಸ್ತು. ನಿಲ್ಲಿಸಿ ಇಟ್ಟಾಗ ಎಣ್ಣೆ ನಿಧಾನವಾಗಿ ಕೆಳಗಿನ ಸಿಲಿಂಡರುಗಳಿಗೆ ಇಳಿದು ಪಿಸ್ಟನ್ನಿನ ಆಚೆ ನಿಂತುಬಿಡುತ್ತದೆ. ಎಣ್ಣೆಯನ್ನು ಗಾಳಿಯಂತೆ ಅದುಮಲಾಗುವುದಿಲ್ಲ. ಹಾಗೇ ಸ್ಟಾರ್ಟ್ ಒತ್ತಿದರೆ ರಾಡು ಬಾಗುತ್ತದೆ, ಸಿಲಿಂಡರ್ ಒಡೆಯುತ್ತದೆ. ಅದಕ್ಕೇ ಮೊದಲು ಪ್ರೊಪೆಲ್ಲರನ್ನು ಕೈಯಿಂದ ಒಂದೊಂದೇ ರೆಕ್ಕೆ ಎಣಿಸಿ ತಿರುಗಿಸುತ್ತಾರೆ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕಬಾರದು, ಹಿಂದಕ್ಕೂ ತಿರುಗಿಸಬಾರದು. ಕೆಳಗಿನ ಸಿಲಿಂಡರಿನ ಸ್ಪಾರ್ಕ್ ಪ್ಲಗ್ ಬಿಚ್ಚಿ ಎಣ್ಣೆ ಬಸಿದುಹೋಗಲು ಬಿಡಬೇಕು.

ಸಣ್ಣ ವಿಮಾನಗಳ ಮೂತಿಯಿಂದ ರೇಡಿಯಲ್ ಸರಿದುಹೋದದ್ದಕ್ಕೆ ಕಾರಣ ಈ ಉಪಚಾರ ಒಂದೇ ಅಲ್ಲ. 1930ರ ದಶಕದಿಂದ ಕಾಂಟಿನೆಂಟಲ್, ಲೈಕಮಿಂಗ್ ಕಂಪನಿಗಳು ಸಿಲಿಂಡರುಗಳನ್ನು ಎಡಕ್ಕೆ ಬಲಕ್ಕೆ ಮಲಗಿಸಿದ ಅಗ್ಗದ ಎಂಜಿನುಗಳನ್ನು ತಂದವು. ಮೂತಿ ಚಪ್ಪಟೆಯಾಯಿತು, ಪೈಲಟ್ಟಿಗೆ ರನ್‌ವೇ ಕಾಣಿಸಿತು. ಬೆಂಗಳೂರಿನಲ್ಲೇ ನೋಡಿ: ವಿ. ಎಂ. ಘಾಟ್ಗೆ ವಿನ್ಯಾಸ ಮಾಡಿದ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟಿನಲ್ಲಿ ಹಾರಿದಾಗ ಅದಕ್ಕಿದ್ದುದು ಸಾಲು ಸಿಲಿಂಡರಿನ ಬ್ರಿಟಿಷ್ ಎಂಜಿನ್. 1958ರ ಪುಷ್ಪಕ್, ಆಮೇಲಿನ ಕೃಷಕ್, ಬಸಂತ್, ದೀಪಕ್, ಇವಕ್ಕೆಲ್ಲ ಮಲಗಿದ ಸಿಲಿಂಡರಿನ ಅಮೆರಿಕನ್ ಎಂಜಿನ್. ವಿಮಾನದ ಹೆಸರುಗಳೆಲ್ಲ ನಮ್ಮವು. ಅವು ಹಾರಿದ್ದು ಮಾತ್ರ ಹೊರಗಿನ ಎಂಜಿನುಗಳಿಂದ.

ರೇಡಿಯಲ್ ಮಾತ್ರ ಸತ್ತಿಲ್ಲ. ರಷ್ಯಾದ ಒಂಬತ್ತು ಸಿಲಿಂಡರಿನ ಎಂ-14ಪಿ ಇಂದಿಗೂ ಲಾಗ ಹಾಕುವ ಯಾಕ್, ಸುಖೋಯ್ ಕ್ರೀಡಾ ವಿಮಾನಗಳನ್ನು ಎಳೆಯುತ್ತದೆ. ಆಸ್ಟ್ರೇಲಿಯಾದ ಮೆಲ್ಬರ್ನ್ ಬಳಿ ಇಬ್ಬರು ಸಹೋದರರು ಕಟ್ಟಿದ ರೋಟೆಕ್ ಕಂಪನಿ 2.8 ಲೀಟರಿನ, ಏಳು ಸಿಲಿಂಡರಿನ, 110 ಅಶ್ವಶಕ್ತಿಯ ಎಂಜಿನನ್ನು ನೂರು ಕಿಲೋದ ಆಸುಪಾಸಿಗೆ ಇಳಿಸಿ ಹಗುರ ವಿಮಾನಗಳಿಗೆಂದೇ ಮಾಡಿತು. ಚೆಕ್ ದೇಶದ ವರ್ನರ್ ಕಂಪನಿ ಮೂರು, ಐದು, ಏಳು, ಒಂಬತ್ತು ಸಿಲಿಂಡರಿನ ಪುಟ್ಟ ಎಂಜಿನುಗಳನ್ನು ಮಾಡಿದೆ. ರೋಟೆಕ್, ವರ್ನರ್ ಎರಡೂ ದೈತ್ಯ ಕಂಪನಿಗಳಲ್ಲ. ಒಳ್ಳೆಯ ಲೇತ್, ಒಳ್ಳೆಯ ಎರಕ, ಅಳತೆಯಲ್ಲಿ ಶ್ರದ್ಧೆ, ಇವಿಷ್ಟರಿಂದ ಆದ ಕೆಲಸ.

ನಮ್ಮಿಂದಾಗದು ಎನ್ನಲು ಕಾರಣವಿಲ್ಲ. ಬೆಂಗಳೂರಿನ ಎನ್‌ಎಎಲ್, ಎಡಿಇ ಮತ್ತು ಅಹ್ಮದ್‌ನಗರದ ವಿಆರ್‌ಡಿಇ ಎಂಬ ಸರ್ಕಾರಿ ಸಂಶೋಧನಾ ಸಂಸ್ಥೆಗಳು ಸೇರಿ 55 ಅಶ್ವಶಕ್ತಿಯ ವ್ಯಾಂಕೆಲ್ ಎಂಜಿನನ್ನು ತಾವೇ ರೂಪಿಸಿ, 2009ರ ಮಾರ್ಚಿನಲ್ಲಿ ಕೋಲಾರದ ಬಳಿ ನಿಶಾಂತ್ ಚಾಲಕರಹಿತ ವಿಮಾನದಲ್ಲಿ ಹಾರಿಸಿದ್ದಾರೆ. ಅದು ರೇಡಿಯಲ್‌ಗಿಂತ ಬೇರೆ ಜಾತಿಯ ಎಂಜಿನ್. ಆದರೂ ಅದೇ ಎನ್‌ಎಎಲ್ 2021ರ ಸೆಪ್ಟೆಂಬರಿನಲ್ಲಿ ಹಾರಿಸಿದ ಹಂಸ-ಎನ್‌ಜಿ ತರಬೇತಿ ವಿಮಾನಕ್ಕೆ ಎಂಜಿನ್ ಬಂದದ್ದು ಆಸ್ಟ್ರಿಯಾದ ರೋಟ್ಯಾಕ್ಸ್ ಕಂಪನಿಯಿಂದ.

ಮೈಸೂರು, ಬೆಳಗಾವಿ, ಸುರತ್ಕಲ್, ಮಾನಂದವಾಡಿ ಬಳಿಯ ತಲಪ್ಪುಳ, ಹೀಗೆ ಕರ್ನಾಟಕ-ಕೇರಳ ಗಡಿಯ ಎರಡೂ ಕಡೆ ಎಂಜಿನಿಯರಿಂಗ್ ಕಾಲೇಜುಗಳಿವೆ. ಪ್ರತಿ ವರ್ಷ ಕೊನೆಯ ತರಗತಿಯ ಮಕ್ಕಳು ಪ್ರಾಜೆಕ್ಟ್ ಹುಡುಕುತ್ತಾರೆ. ಅವರ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ. ಇಡೀ ಎಂಜಿನಿಗೆ ಕೈಹಾಕಬೇಡಿ. ಗಿಬ್ಸನ್ ಮತ್ತು ಹೆರಾನ್ ಹಾಕಲಿಲ್ಲ. ಒಂದು ಸಿಲಿಂಡರ್ ಎರಕ ಹೊಯ್ಯಿಸಿ, ಗಾಳಿ ಬೀಸಿ, ಎಲ್ಲಿ ಎಷ್ಟು ಕಾಯುತ್ತದೆಂದು ಮಕ್ಕಳ ಕೈಯಲ್ಲಿ ಅಳೆಯಿಸಿ. ಮುಂದಿನ ವರ್ಷದ ತಂಡ ಎಕ್ಸಾಸ್ಟ್ ವಾಲ್ವ್ ನೋಡಲಿ, ಅದರ ಮುಂದಿನವರು ಮಾಸ್ಟರ್ ರಾಡ್ ಮಾಡಲಿ. ಹಿಂದಿನವರ ಅಳತೆಯ ಪುಸ್ತಕ ಮುಂದಿನವರ ಕೈಗೆ ತಪ್ಪದೆ ಸಿಗುವಂತೆ ನೋಡಿಕೊಳ್ಳಿ.